ವಾಪಸ್ ಮಣ್ಣು

ಆರ್ಕಿಟೆಕ್ಟ್ ಮೇಡಂ ಫೋನಿನಲ್ಲಿ ಮೊದಲು ಆಡಿದ ಮಾತು ನನಗೆ ನೆನಪಿರುವುದು ಹೀಗೆ: "ನಿಮ್ ಟೈಲ್ಸ್‌ಗೆ ಸಿಡುಬು ಬಂದಿದೆ, ಬಂದು ನೋಡಿ." ಅಂದಿನ ದಿನಚರಿಯಲ್ಲಿ ನಾನು ಬರೆದುಕೊಂಡಿರುವುದು ಬರೀ "ನೆಲದಲ್ಲಿ ಗುಳಿ, ನಾಳೆ ಸೈಟ್" ಎಂದು. ಸಿಡುಬು ಎಂಬ ಮಾತು ಅವರದೇ ಇರಬಹುದು. ಮಾರನೆಯ ದಿನ ನೆಲ ನೋಡಿ ಬಂದಮೇಲೆ ನಾನೇ ಅದನ್ನು ಅವರ ಬಾಯಿಗೆ ಹಾಕಿರಲೂಬಹುದು. ಮುಂದೆಯೂ ಇಂಥ ಜಾಗಗಳು ಬರುತ್ತವೆ, ಬಂದಲ್ಲಿ ಹೇಳಿಬಿಡುತ್ತೇನೆ.

ನಾನು ಕೆಲಸ ಮಾಡುವುದು ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಶೆಡ್ಡಿನಲ್ಲಿ. ನೆಲಕ್ಕೆ ಹಾಸುವ ಕೆಂಪು ಮಣ್ಣಿನ ಟೈಲ್ಸ್ ಮಾಡುತ್ತೇವೆ. ಓದಿದ್ದು ಸಿರಾಮಿಕ್ಸ್, ಆದ್ದರಿಂದ ಮಣ್ಣು ಹದ ಮಾಡುವುದರಿಂದ ಹಿಡಿದು ಸುಟ್ಟ ಟೈಲನ್ನು ಗೂಡಿನಿಂದ ಇಳಿಸುವವರೆಗಿನ ಹೊಣೆ ನನ್ನದು, ಶೆಡ್ಡಿನವರಿಗೆಲ್ಲ ನಾನೂ ಮೇಡಂ. ನಮ್ಮ ಅಕ್ಕಪಕ್ಕದ ಶೆಡ್ಡುಗಳು ಒಂದೊಂದಾಗಿ ಕೊರಿಯರ್ ಗೋಡೌನುಗಳಾಗಿದ್ದವು. ಜಾಗ ಕೊಡುತ್ತೀರಾ ಎಂದು ನಮ್ಮ ಶೆಡ್ಡಿನ ಯಜಮಾನರನ್ನು ಕೇಳಿಕೊಂಡೂ ಜನ ಬರುತ್ತಿದ್ದರು. ಶೆಡ್ಡಿನ ಅರ್ಧ ಜಾಗವನ್ನು ಗೂಡೇ ನುಂಗಿಕೊಂಡಿದೆ. ಅದನ್ನು ಒಡೆದು ತೆಗೆದರೆ ಲಾರಿ ಒಳಗೇ ಬಂದು ನಿಲ್ಲಬಹುದು ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು.

ಬಸವೇಶ್ವರನಗರದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ಶಿಶುವಿಹಾರದ ನೆಲಕ್ಕೆ ಆರ್ಡರ್ ಬಂದಾಗ, ಯಜಮಾನರು ಟೀ ಹೊತ್ತಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು.

"ನೋಡ್ರಪ್ಪಾ, ಮುಚ್ಚುಮರೆ ಇಲ್ದೆ ಹೇಳ್ತೀನಿ. ಈ ಸ್ಕೂಲ್ ಕೆಲಸ ನೆಟ್ಟಗೆ ಮುಗಿದ್ರೆ ಗೂಡು ಇರುತ್ತೆ. ಇದ್ರಲ್ಲೂ ಏನಾದ್ರೂ ರಗಳೆ ಬಂತು ಅಂದ್ರೆ ಒಡೆಸಿ ಗೋಡೌನಿಗೆ ಕೊಟ್ಬಿಡ್ತೀನಿ. ನನಗೂ ಸಾಕಾಗಿದೆ."

ಟೈಲ್ ಒತ್ತುವ ಪ್ರೆಸ್ ನಡೆಸುವವನು, ಮಾತಿಗೆ ಮಾತು ಸೇರಿಸದೆ ಇರಲಾರದ ಇಪ್ಪತ್ತೈದರ ಆಸುಪಾಸಿನ ಹುಡುಗ, "ಗೋಡೌನಾದ್ರೆ ನಮ್ಮನ್ನೂ ಡಬ್ಬಕ್ಕೆ ಹಾಕಿ ಕೊರಿಯರ್ ಮಾಡ್ಬಿಡಿ ಸಾರ್" ಅಂದ. ಯಾರೂ ಹೆಚ್ಚು ನಗಲಿಲ್ಲ.

ಆ ಆರ್ಡರ್ ನಮಗೆ ಬಂದದ್ದು ಅಕ್ಕನ ಕೈಯಿಂದ. ಅಕ್ಕ ಎಂದರೆ ನಮ್ಮಲ್ಲಿ ಫಿನಿಶಿಂಗ್ ಮಾಡುತ್ತಿದ್ದ ಹೆಂಗಸು. ಐವತ್ತು ದಾಟಿದವರು, ಹಳೇ ಕೆಂಗೇರಿಯವರು, ಯಜಮಾನರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದುದು. ಪ್ರೆಸ್ಸಿನಿಂದ ಬಂದ ಹಸಿ ಟೈಲಿನ ಅಂಚಿನಲ್ಲಿ ಮಣ್ಣು ಉಗುರಿನಂತೆ ಎದ್ದಿರುತ್ತದೆ. ಅದನ್ನು ಅರ್ಧ ಒಣಗಿದ ಹದದಲ್ಲಿ ಬಿದಿರಿನ ಚಾಕುವಿನಿಂದ ಸವರಿ, ಒದ್ದೆ ಸ್ಪಂಜಿನಿಂದ ಒಮ್ಮೆ ಎಳೆಯಬೇಕು. ಹಸಿ ಹೆಚ್ಚಾದರೆ ಅಂಚು ಜಗ್ಗುತ್ತದೆ, ಒಣಗಿದ್ದರೆ ಚಕ್ಕೆ ಏಳುತ್ತದೆ. ಅಕ್ಕ ಎಳೆದ ಅಂಚು ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಶಿಶುವಿಹಾರದ ಆರ್ಕಿಟೆಕ್ಟ್ ಮೇಡಂ ಸ್ಯಾಂಪಲ್ ಮೇಲೆ ಬೆರಳಾಡಿಸಿ, "ಮಕ್ಕಳ ಕಾಲಿಗೆ ಇದೇ ಬೇಕು" ಅಂದಿದ್ದರು. ಈ ಮಾತು ಮಾತ್ರ ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ನಾನು ಹೋಗಿ ಅಕ್ಕನಿಗೆ ಹೇಳಿದ್ದೆ, ಅಕ್ಕ ಆಮೇಲೆ ಬಹಳ ಸಲ ಅದನ್ನು ನನಗೇ ತಿರುಗಿ ಹೇಳಿದ್ದರು.

ಆರ್ಡರಿನ ಮೊದಲ ಅರ್ಧ ಕಳಿಸಿ, ಅದು ನೆಲಕ್ಕೆ ಕೂತು, ಕೆಲವು ವಾರ ಕಳೆದಿದ್ದವು. ಉಳಿದರ್ಧ ಸುಟ್ಟು ತಯಾರಾಗಿ ನಮ್ಮ ಅಂಗಳದಲ್ಲಿ ಹುಲ್ಲು ಹೊದ್ದು ಕೂತಿತ್ತು. ಆಗ ಬಂದದ್ದು ಆ ಫೋನು.

ಮೆಟ್ರೋ ಇಳಿದು ಆಟೋ ಹಿಡಿದು ಹೋದೆ. ಶಿಶುವಿಹಾರದ ದೊಡ್ಡ ಕೋಣೆಯಲ್ಲಿ ಬೆಳಕು ಚೆನ್ನಾಗಿತ್ತು, ಅದರಿಂದಾಗಿ ಎಲ್ಲವೂ ಕಾಣುತ್ತಿತ್ತು. ಕೆಂಪು ನೆಲದ ಉದ್ದಕ್ಕೂ ಕಡಲೆಬೇಳೆಯಷ್ಟು, ಕೆಲವು ಕಡೆ ಎಂಟಾಣೆಯಷ್ಟು ಅಗಲದ ಗುಳಿಗಳು. ಪಕ್ಕದಲ್ಲೇ ಎದ್ದುಬಿದ್ದ ಚಕ್ಕೆಗಳು, ಅಂಚು ಹರಿತವಾದವು. ಪ್ರತಿ ಗುಳಿಯ ತಳದಲ್ಲಿ ಒಂದು ಬಿಳಿ ಚುಕ್ಕೆ.

"ಪಡ್ಡು ಹಂಚು ಥರ ಆಗಿದೆ ನೋಡಿ," ಅಂದರು ಆರ್ಕಿಟೆಕ್ಟ್ ಮೇಡಂ. "ಒರೆಸಿದಷ್ಟೂ ಜಾಸ್ತಿ ಆಗ್ತಾ ಇದೆ. ಮಕ್ಕಳು ಬರಿಗಾಲಲ್ಲಿ ಓಡಾಡ್ಲಿ ಅಂತ ತಾನೇ ನಾನು ಹಟ ಮಾಡಿ ಇದನ್ನ ಹಾಕ್ಸಿದ್ದು? ಈಗ ಸ್ಕೂಲಿನವರಿಗೆ ಏನ್ ಹೇಳ್ಲಿ?"

ಬಿಳಿ ಚುಕ್ಕೆ ನೋಡಿದ ಕೂಡಲೇ ದೋಷ ಯಾವುದೆಂದು ನನಗೆ ಗೊತ್ತಾಯಿತು. ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. ಅದು ಸುಣ್ಣ. ಮಣ್ಣಿನಲ್ಲಿ ಸುಣ್ಣಕಲ್ಲಿನ ಸಣ್ಣ ಹರಳು ಸೇರಿಕೊಂಡರೆ ಹಸಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಗೂಡಿನ ಬಿಸಿಗೆ ಬೆಂದು ಸುಟ್ಟ ಸುಣ್ಣವಾಗುತ್ತದೆ. ಪಿಂಗಾಣಿಯನ್ನು ಸುಡುವಷ್ಟು ಬಿಸಿ ಕೊಟ್ಟರೆ ಮೈಯಲ್ಲಿ ಕರಗಿಹೋಗುತ್ತದೆ, ನಮ್ಮ ಕೆಂಪು ಟೈಲಿಗೆ ಅಷ್ಟು ಬಿಸಿ ಕೊಡುವಂತಿಲ್ಲ, ಕೊಟ್ಟರೆ ಟೈಲೇ ಸೊಟ್ಟಗಾಗುತ್ತದೆ. ಹಾಗಾಗಿ ಸುಣ್ಣ ಒಳಗೇ ಉಳಿಯುತ್ತದೆ. ಗೂಡು ಇಳಿಸಿದಾಗ ಟೈಲ್ ಚೆಂದವಾಗಿಯೇ ಇರುತ್ತದೆ, ತಟ್ಟಿದರೆ ಕಂಚಿನ ಸದ್ದು. ಆಮೇಲೆ ಗಾಳಿಯ ತೇವವನ್ನೋ ಒರೆಸಿದ ನೀರನ್ನೋ ಕುಡಿದು ಆ ಸುಣ್ಣ ಒಳಗೇ ಅರಳುತ್ತದೆ. ಅರಳಲು ಜಾಗ ಸಾಲದೆ ಮೇಲಿನ ಮಣ್ಣನ್ನು ಒದ್ದುಕೊಂಡು ಹೊರಗೆ ಬರುತ್ತದೆ. ತಯಾರಾದ ದಿನ ಎಷ್ಟು ನೋಡಿದರೂ ಕಾಣದ ದೋಷ ಇದು.

ವಾಪಸ್ ಬಂದು ಯಜಮಾನರಿಗೆ ಹೇಳಿದೆ. ಅವರು ಗೂಡಿನ ಕಡೆಗೊಮ್ಮೆ ನೋಡಿದರು. "ಕೆರೆ ಮಣ್ಣು. ಬಸವನಹುಳದ ಚಿಪ್ಪು ಇರುತ್ತೆ ಅದ್ರಲ್ಲಿ. ಆ ಮಣ್ಣಿನವನಿಗೆ ಫೋನ್ ಹಾಕ್ತೀನಿ ತಾಳಿ, ಇವತ್ತು ಬಿಡಲ್ಲ ಅವನ್ನ."

"ಒಂದೆರಡು ದಿನ ಬೇಡ ಸಾರ್, ಮೊದಲು ನೋಡ್ತೀನಿ."

"ನೋಡೋದೇನಿದೆ ಮೇಡಂ? ಸುಣ್ಣ ಅಂತ ನೀವೇ ಅಂದ್ರಲ್ಲ."

ನನ್ನ ಅನುಮಾನವೂ ಮೊದಲು ಅದೇ ಆಗಿತ್ತು. ಆದರೆ ಹೊಸ ಮಣ್ಣನ್ನು ನಾವು ನೀರಲ್ಲಿ ಕದಡಿ, ಜರಡಿಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಆಮೇಲೆಯೇ ಬಳಸುವುದು. ಚಿಪ್ಪು ದಾಟಬೇಕಾದರೆ ಜರಡಿ ಹರಿದಿರಬೇಕು. ಜರಡಿಯನ್ನು ಬಿಸಿಲಿಗೆ ಹಿಡಿದು ಇಂಚಿಂಚೂ ನೋಡಿದೆ, ಹರಿದಿರಲಿಲ್ಲ. ಸೋಸಿದ ಮಣ್ಣನ್ನು ಇನ್ನೂ ನಯವಾದ ಜರಡಿಯಲ್ಲಿ ತೊಳೆದು, ಉಳಿದ ಮರಳಿನ ಮೇಲೆ ಬಚ್ಚಲು ತೊಳೆಯುವ ಆಸಿಡ್ ಹನಿಸಿದೆ. ಸುಣ್ಣಕಲ್ಲಿದ್ದರೆ ಸೋಡಾದಂತೆ ನೊರೆ ಬರಬೇಕು. ಬರಲಿಲ್ಲ. ದಸರಾ ಹಬ್ಬಕ್ಕೆ ಮುಂಚೆ ಶೆಡ್ಡಿನ ಗೋಡೆಗೆ ಸುಣ್ಣ ಬಳಿಸಿದ್ದರಲ್ಲ, ಅದರ ಚಕ್ಕೆ ಉದುರಿರಬಹುದೇ ಎಂದು ಕೆರೆದು ನೋಡಿದೆ. "ಅದು ಪೇಂಟು ಮೇಡಂ, ಸುಣ್ಣ ಬಳಿಯೋರು ಯಾರಿದಾರೆ ಈಗ?" ಅಂದರು ಯಜಮಾನರು. ಅದೂ ಆಸಿಡ್ಡಿಗೆ ಸುಮ್ಮನಿತ್ತು.

ಎರಡು ದಾರಿಯೂ ಮುಚ್ಚಿದ ಮೇಲೆ, ದೋಷ ಎಲ್ಲಿಂದ ಬಂತು ಎಂದು ಹುಡುಕುವುದನ್ನು ಬಿಟ್ಟು, ಯಾವ ಟೈಲಿಗೆ ಬಂದಿದೆ ಯಾವುದಕ್ಕಿಲ್ಲ ಎಂದು ಬೇರ್ಪಡಿಸಲು ನಿರ್ಧರಿಸಿದೆ. ವಾರಗಟ್ಟಲೆ ಕಾಯುವಂತಿರಲಿಲ್ಲ. ಹಬೆಯಲ್ಲಿ ಇಟ್ಟರೆ ಸುಣ್ಣ ಕೆಲವೇ ಗಂಟೆಗಳಲ್ಲಿ ಅರಳುತ್ತದೆ. ಅದಕ್ಕೆ ಬೇಕಾದ ಯಂತ್ರ ನಮ್ಮಲ್ಲಿರಲಿಲ್ಲ. ಯಜಮಾನರ ಪರಿಚಯದ ಅಡುಗೆ ಕಂಟ್ರಾಕ್ಟರ್ ಒಬ್ಬರು ಕುರುಬರಹಳ್ಳಿಯಲ್ಲಿದ್ದರು, ಅವರಿಂದ ಮದುವೆಮನೆಗೆ ಒಯ್ಯುವ ದೊಡ್ಡ ಇಡ್ಲಿ ಪಾತ್ರೆ ತರಿಸಿದೆವು.

ಪ್ರೆಸ್ಸಿನವನಿಗೆ ಅದು ಹಬ್ಬವಾಯಿತು. "ಮೇಡಂ, ಚಟ್ನಿ ರುಬ್ಲಾ, ಸಾಂಬಾರ್ ಸಾಕಾ?"

"ನಿನ್ ಮೊಕಕ್ಕೆ ಚಟ್ನಿ ಬೇರೆ ಕೇಡು," ಅಂದರು ಅಕ್ಕ. "ನೀರು ಹಾಕು ಅತ್ಲಾಗೆ, ತಳ ಹತ್ತೀತು."

"ಬೆಂದಿದ್ಯಾ ಅಂತ ಚುಚ್ಚಿ ನೋಡೋದು ಯಾವಾಗ ಅಕ್ಕ?"

"ನಿನ್ನನ್ನೇ ಕೂರಿಸಿ ಮುಚ್ಳ ಹಾಕ್ತೀನಿ, ಬಾ."

ಈ ನಗೆಮಾತುಗಳನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಶೆಡ್ಡಿನಲ್ಲಿ ನಾವೆಲ್ಲ ಒಟ್ಟಿಗೆ ನಕ್ಕ ಕೊನೆಯ ಸಲ ಅದೇ ಎಂದು ನನ್ನ ನೆನಪು ಹೇಳುತ್ತದೆ. ಅದು ನಿಜವಿರಲಾರದು, ಆಮೇಲೂ ನಕ್ಕಿರುತ್ತೇವೆ.

ಒಂದೇ ಸಲ ಸುಟ್ಟ ಗೂಡಿನೊಳಗಿನ ಬೇರೆಬೇರೆ ಸಾಲಿನ, ಅಂದರೆ ಬೇರೆಬೇರೆ ದಿನ ಮಣ್ಣು ಹದ ಮಾಡಿ ಒತ್ತಿದ, ಟೈಲುಗಳನ್ನು ಹಬೆಗೆ ಇಟ್ಟಿದ್ದೆ. ಮುಚ್ಚಳದ ಕೆಳಗಿನಿಂದ ಟಪ್, ಟಪ್ ಎಂದು ಸದ್ದು ಬರತೊಡಗಿತು, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಅದಕ್ಕಿಂತ ನಿಧಾನವಾಗಿ. ತೆಗೆದು ನೋಡಿದರೆ ಕೆಲವು ಟೈಲುಗಳ ಮೈ ತುಂಬಾ ಗುಳಿ. ಅದೇ ಗೂಡಿನಲ್ಲಿ ಪಕ್ಕಕ್ಕೇ ಕೂತು ಸುಟ್ಟ ಬೇರೆ ಸಾಲಿನವು ನುಣ್ಣಗೆ ಇದ್ದವು. ಅಂದರೆ ಗೂಡಿನ ತಪ್ಪಲ್ಲ. ನುಣ್ಣಗಿದ್ದವು ಪೂರ್ತಿ ಹೊಸ ಮಣ್ಣಿನವು, ಹೊಸ ಮಣ್ಣಿನ ತಪ್ಪೂ ಅಲ್ಲ. ಗುಳಿ ಬಿದ್ದವಕ್ಕೆಲ್ಲ ವಾಪಸ್ ಮಣ್ಣು ಬೆರೆತಿತ್ತು.

ವಾಪಸ್ ಮಣ್ಣು ಎಂಬುದು ನಮ್ಮ ಶೆಡ್ಡಿನ ಮಾತು. ಅಂಚು ಸವರಿದ ತುಣುಕು, ಮುರಿದ ಹಸಿ ಟೈಲು, ಪ್ರೆಸ್ಸಿನ ಸುತ್ತ ಬಿದ್ದ ಮಣ್ಣು, ಎಲ್ಲವನ್ನೂ ಗುಡಿಸಿ ಒಂದು ತೊಟ್ಟಿಯಲ್ಲಿ ನೆನೆಹಾಕುತ್ತೇವೆ. ನೆಂದಮೇಲೆ ಅದು ಮತ್ತೆ ಮಣ್ಣು ಹದ ಮಾಡುವ ಮೆಷಿನ್ನಿಗೆ ಹೋಗುತ್ತದೆ. ಎಲ್ಲ ಮಣ್ಣಿನ ಕಾರ್ಖಾನೆಗಳಲ್ಲೂ ಹೀಗೇ, ಮಣ್ಣನ್ನು ಯಾರೂ ಬಿಸಾಡುವುದಿಲ್ಲ. ಒಂದು ವಿಷಯ ಮಾತ್ರ: ವಾಪಸ್ ಮಣ್ಣನ್ನು ನಾವು ಮತ್ತೆ ಸೋಸುತ್ತಿರಲಿಲ್ಲ. ಒಮ್ಮೆ ಸೋಸಿದ ಮಣ್ಣೇ ತಾನೆ ಅದು? ನಾನು ಬರುವ ಮೊದಲಿನಿಂದಲೂ ಇದ್ದ ಪದ್ಧತಿ. ಅದರಲ್ಲಿ ತರ್ಕವಿತ್ತು, ಆ ತರ್ಕದಲ್ಲಿ, ಮಣ್ಣನ್ನು ಗುಡಿಸಿ ತೆಗೆಯುವ ನೆಲ ಒಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು.

ತೊಟ್ಟಿಯಿಂದ ಒಂದು ಬಕೆಟ್ ಮಣ್ಣು ತೆಗೆದು, ತೆಳ್ಳಗೆ ಕದಡಿ, ಜರಡಿಯ ಮೇಲೆ ಸುರಿದೆವು. ಅಕ್ಕ ನೀರು ಹಾಕುತ್ತಿದ್ದರು, ನಾನು ಜರಡಿ ಅಲುಗಿಸುತ್ತಿದ್ದೆ. ಕೆಂಪು ನೀರು ಇಳಿದುಹೋಗಿ, ತಳದಲ್ಲಿ ಬನ್ಸಿ ರವೆಯಂಥ ಬಿಳಿ ಹರಳು ಉಳಿಯಿತು. ಅದರ ನಡುವೆ ಒಂದೆರಡು ಹರಳಿನ ಮೇಲೆ ಗುಲಾಬಿ ಬಣ್ಣ. ಗುಲಾಬಿ ಬಣ್ಣ ನಿಜಕ್ಕೂ ಇತ್ತೇ? ತಿಂಗಳುಗಟ್ಟಲೆ ನೀರಲ್ಲಿ ನೆಂದಮೇಲೂ ಬಣ್ಣ ಉಳಿಯುತ್ತದೆಯೇ? ಬಹಳ ಸಲ ಕೇಳಿಕೊಂಡಿದ್ದೇನೆ. ಇತ್ತು ಎಂದೇ ನನ್ನ ಕಣ್ಣು ಹೇಳುತ್ತದೆ. ಆಸಿಡ್ ಹನಿಸಿದಾಗ ಜುಯ್ ಎಂದು ನೊರೆ ಬಂದದ್ದಂತೂ ನಿಜ.

ಅಕ್ಕ ಚೊಂಬು ಕೆಳಗಿಟ್ಟರು. ಎರಡು ಹರಳನ್ನು ಅಂಗೈಗೆ ಹಾಕಿಕೊಂಡು ಬೆರಳಿನಿಂದ ಉಜ್ಜಿ ನೋಡಿದರು.

"ಮೇಡಂ, ಇದು ರಂಗೋಲಿ ಪುಡಿ."

ಆಯುಧಪೂಜೆಯ ದಿನ ಬೆಳಗ್ಗೆ ಮಳೆ ಹಿಡಿದಿತ್ತು. ಗೇಟಿನ ಮುಂದೆ ಹಾಕಿದ್ದು ಹಾಕುತ್ತಿದ್ದ ಹಾಗೇ ಕೊಚ್ಚಿಹೋಗುತ್ತಿತ್ತು. ಅದಕ್ಕೇ ಅಕ್ಕ ಆ ವರ್ಷ ಒಳಗೆ, ಮಣ್ಣಿನ ಮೆಷಿನ್ನಿನ ಮುಂದೆ, ಚುಕ್ಕೆ ಇಟ್ಟು ದೊಡ್ಡ ರಂಗೋಲಿ ಹಾಕಿದ್ದರು. ಬಣ್ಣ ತುಂಬಿದ್ದರು. ಮೆಷಿನ್ನಿಗೆ ಅರಿಶಿನ ಕುಂಕುಮ, ಬಾಳೆಕಂದು, ಬೂದುಗುಂಬಳಕಾಯಿ, ಎಲ್ಲ ಆಗಿತ್ತು. ನಾನು ಆ ರಂಗೋಲಿಯ ಫೋಟೋ ತೆಗೆದು ವಿಜಯನಗರದ ನಮ್ಮ ಮನೆಯವರಿಗೆಲ್ಲ ಕಳಿಸಿದ್ದೆ. ಅಂಗಡಿಯಲ್ಲಿ ಸಿಗುವ ಆ ಬಿಳಿ ಪುಡಿ ಹೆಚ್ಚಾಗಿ ಅಮೃತಶಿಲೆಯದು. ಅಮೃತಶಿಲೆ ಎಂದರೂ ಸುಣ್ಣಕಲ್ಲೇ. ಹಬ್ಬದ ದಿನ ಅದನ್ನು ನೋಡುತ್ತಾ ಆ ಯೋಚನೆ ನನಗೆ ಬರಲಿಲ್ಲ. ಬರುವುದು ಸಾಧ್ಯವಿತ್ತೇ ಎಂದು ಈಗ ಹೇಗೆ ತೀರ್ಮಾನಿಸಲಿ?

"ಆಮೇಲೆ ಅದನ್ನ ಏನ್ ಮಾಡಿದ್ರಿ ಅಕ್ಕ?"

"ವಿಜಯದಶಮಿ ಆದಮೇಲೆ ಕೈಯಲ್ಲೇ ಬಳಿದು ತೊಟ್ಟಿಗೆ ಹಾಕ್ದೆ. ಪೂಜೆ ಮಾಡಿದ್ದನ್ನ ಕಸದ ಗಾಡಿಗೆ ಹಾಕೋಕಾಗುತ್ತಾ ಮೇಡಂ? ತುಳಿದಾಡೋ ಕಡೆ ಬಿಡೋಕಾಗುತ್ತಾ? ಮಣ್ಣಿಗೇ ಸೇರ್ಲಿ ಅಂತ ಹಾಕ್ದೆ." ಹರಳಿದ್ದ ಅಂಗೈಯನ್ನು ನನ್ನ ಕಡೆ ಚಾಚಿ ಕೇಳಿದರು, "ಇದ್ರಿಂದ್ಲೇನಾ?"

ನಾನು ಹೌದು ಅಂದೆ. ಒಂದು ದೊಡ್ಡ ರಂಗೋಲಿಯಲ್ಲಿ ಎಷ್ಟು ಲಕ್ಷ ಹರಳು ಇರುತ್ತವೋ, ಒಂದು ಗುಳಿಗೆ ಒಂದೇ ಹರಳು ಸಾಕು.

ಈಗ ಉಳಿದದ್ದು ಅಂಗಳದಲ್ಲಿದ್ದ ಅರ್ಧ ಆರ್ಡರ್. ಯಜಮಾನರು ಅದರ ಮೇಲೆ ಸೀಲರ್ ಹೊಡೆದು ಕಳಿಸೋಣ ಅಂದರು. ನೀರು ಒಳಗೆ ಹೋಗದಿದ್ದರೆ ಸುಣ್ಣ ಅರಳುವುದಿಲ್ಲ ಎಂಬುದು ಅವರ ಲೆಕ್ಕ. ಸೀಲರ್ ಮೇಲ್ಮೈಗೆ ಮಾತ್ರ, ತೇವ ಕೆಳಗಿನ ಸಿಮೆಂಟಿನಿಂದಲೂ ಏರುತ್ತದೆ ಎಂದು ನಾನು ಹೇಳಿದೆ. ಬೇರೊಂದು ದಾರಿ ನನಗೆ ಗೊತ್ತಿತ್ತು. ಗೂಡಿನಿಂದ ತೆಗೆದ ಬಿಸಿ ಆರುವ ಮೊದಲೇ ನೀರಲ್ಲಿ ಮುಳುಗಿಸಿಬಿಟ್ಟರೆ ಸುಣ್ಣ ನಿಧಾನವಾಗಿ ಅರಳುವ ಬದಲು ಒಮ್ಮೆಲೇ ನೀರು ಕುಡಿದು ಬೆಣ್ಣೆಯಂತಾಗಿ ರಂಧ್ರಗಳಲ್ಲಿ ಹರಡಿಕೊಳ್ಳುತ್ತದೆ, ಒದೆಯುವುದಿಲ್ಲ. ಇಟ್ಟಿಗೆ ಸುಡುವ ಕಡೆ ಮಾಡುತ್ತಾರೆ. ಅಂಗಳದ ಟೈಲುಗಳಲ್ಲಿ ಒಂದಿಷ್ಟನ್ನು ಮತ್ತೆ ಗೂಡಿಗೇರಿಸಿ ಸುಟ್ಟು, ಬಿಸಿ ಇರುವಾಗಲೇ ತೊಟ್ಟಿಗಿಳಿಸಿ ಪ್ರಯೋಗ ಮಾಡಿದೆವು. ಬಿಸಿ ಹೆಚ್ಚಿದ್ದವು ನೀರಿಗಿಳಿಯುತ್ತಲೇ ಬಿರುಕುಬಿಟ್ಟವು. ಸ್ವಲ್ಪ ಆರಿಸಿ ಇಳಿಸಿದವು ಉಳಿದವು, ಆದರೆ ಇಡ್ಲಿ ಪಾತ್ರೆಗೆ ಹಾಕಿದಾಗ ಅವುಗಳಲ್ಲೂ ಅಲ್ಲೊಂದು ಇಲ್ಲೊಂದು ಸಿಡಿಯಿತು. ಹರಳು ಬಹಳ ದಪ್ಪವಿತ್ತು. ಹುಡಿಯಾಗಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ.

"ಅಲ್ಲೊಂದು ಇಲ್ಲೊಂದು ತಾನೇ?" ಅಂದರು ಯಜಮಾನರು.

"ಮಕ್ಕಳ ನೆಲ ಸಾರ್."

ನಾನು ಆ ಹೊತ್ತಿಗೆ ನಿರ್ಧಾರ ಮಾಡಿಕೊಂಡಿದ್ದೆ. ವಾಪಸ್ ಮಣ್ಣು ಬೆರೆತ ಒಂದು ಟೈಲೂ ಹೊರಗೆ ಹೋಗಬಾರದು, ಹಾಸಿದ ನೆಲವನ್ನು ಕೀಳಬೇಕು, ಕಾರಣ ಮುಚ್ಚಿಡದೆ ಆರ್ಕಿಟೆಕ್ಟ್ ಮೇಡಂಗೆ ಹೇಳಬೇಕು, ಎಲ್ಲವನ್ನೂ ಹೊಸ ಮಣ್ಣಲ್ಲಿ ಮತ್ತೆ ಮಾಡಿಕೊಡಬೇಕು. ಗೂಡು ಉಳಿಯುವುದಾದರೆ ಹಾಗೆ ಉಳಿಯಬೇಕು, ಸೀಲರಿನ ಕೆಳಗೆ ಅಲ್ಲ. ಆ ನಿರ್ಧಾರದ ಬಗ್ಗೆ ಇವತ್ತೂ ನನಗೆ ಅನುಮಾನವಿಲ್ಲ.

ಅನುಮಾನವಿರುವುದು ಅದರ ಮರುದಿನ ಟೀ ಹೊತ್ತಿನ ಬಗ್ಗೆ. ಯಜಮಾನರು ಎಲ್ಲರ ಎದುರಿಗೆ ಕೇಳಿದರು. "ಸರಿ, ಕೀಳೋಣ. ಆದ್ರೆ ಇದು ಬಂದಿದ್ದೆಲ್ಲಿಂದ? ಅದು ಗೊತ್ತಾಗ್ದೆ ನಾನು ಮತ್ತೆ ಗೂಡು ಹಚ್ಚಲ್ಲ."

ಕೇಳಿದ್ದು ನ್ಯಾಯವಾಗಿಯೇ ಇತ್ತು. ಅಕ್ಕ ಕಂಬದ ಪಕ್ಕ ಲೋಟ ಹಿಡಿದು ನಿಂತಿದ್ದರು. ಒಂದು ಕ್ಷಣ ನನ್ನ ಮುಖ ನೋಡಿದರು. ಆಗ ನಾನು ಆಡಿದ ಮಾತು ಯಾವುದು? "ಹಬ್ಬದ ರಂಗೋಲಿ ಪುಡಿ ವಾಪಸ್ ಮಣ್ಣಿಗೆ ಸೇರಿದೆ" ಅಂದೆನೇ? "ಅಕ್ಕ ರಂಗೋಲಿ ತೊಟ್ಟಿಗೆ ಹಾಕಿದಾರೆ" ಅಂದೆನೇ? ಮೊದಲನೆಯದನ್ನೇ ಅಂದಿರಬೇಕೆಂದು ಬಯಸುತ್ತೇನೆ. ಹಾಗೆ ಬಯಸುತ್ತೇನೆ ಎಂಬ ಕಾರಣಕ್ಕೇ ನನ್ನ ನೆನಪನ್ನು ನಂಬುವುದಿಲ್ಲ. ಆ ರಾತ್ರಿಯ ದಿನಚರಿಯಲ್ಲಿ ನಾನು ಬರೆದದ್ದು ಜರಡಿಯ ಕಣ್ಣಿನ ಅಳತೆಯ ಬಗ್ಗೆ.

ಯಾವ ಮಾತಾದರೂ ಫಲ ಒಂದೇ ಆಗುತ್ತಿತ್ತೇನೋ. ರಂಗೋಲಿ ಹಾಕುವವರು ನಮ್ಮಲ್ಲಿ ಒಬ್ಬರೇ ಇದ್ದರು.

ಯಾರೂ ಬೈಯಲಿಲ್ಲ. ಯಜಮಾನರು "ಹೋಗ್ಲಿ ಬಿಡಕ್ಕ, ಗೊತ್ತಿಲ್ದೆ ಆಗಿದ್ದು" ಅಂದರು. ಪ್ರೆಸ್ಸಿನವನು ವಾತಾವರಣ ಹಗುರ ಮಾಡಲೆಂದೇ ಇರಬೇಕು, "ಅಕ್ಕ ಹಾಕಿದ್ ಚುಕ್ಕೆ ಬಸವೇಶ್ವರನಗರದಲ್ಲಿ ಎದ್ದಿದೆ ಗುರು" ಅಂದ. ಬೇರೆ ದಿನವಾಗಿದ್ದರೆ ಅಕ್ಕ ಅವನ ಏಳು ತಲೆಮಾರನ್ನು ಎಳೆದು ತರುತ್ತಿದ್ದರು. ಅಂದು ಲೋಟ ತೊಳೆದಿಟ್ಟು ಹೋದರು.

ಆಮೇಲಿನದು ಕೆಲಸ. ಹೊಸ ಮಣ್ಣು ತರಿಸಿ ಸೋಸಿದೆವು. ತೊಟ್ಟಿಯಲ್ಲಿದ್ದ ವಾಪಸ್ ಮಣ್ಣನ್ನು ಪೂರ್ತಿ ಹೊರಗೆ ಹಾಕಿ ತೊಟ್ಟಿ ತೊಳೆದೆವು. ಇನ್ನು ಮುಂದೆ ಮೇಜಿನ ಮೇಲೆ ಬಿದ್ದದ್ದು ಮಾತ್ರ ವಾಪಸ್ ಮಣ್ಣು, ನೆಲಕ್ಕೆ ಬಿದ್ದದ್ದು ಕಸ ಎಂದು ನಿಯಮ ಮಾಡಿದೆ. ಮೇಜಿನದನ್ನೂ ಸೋಸದೆ ಬಳಸುವಂತಿಲ್ಲ. ಪ್ರತಿ ಗೂಡಿನಿಂದ ಕೆಲವು ಟೈಲು ಹಬೆಗೆ ಹೋಗಬೇಕು. ಅದಕ್ಕೆ ನಮ್ಮದೇ ಇಡ್ಲಿ ಪಾತ್ರೆ ಕೊಂಡೆವು. ಒಳಗೆ ಪೂಜೆ ಸಾಮಾನು ಯಾವುದೂ ಇಡಬಾರದು ಎಂದು ಒಂದು ಬೋರ್ಡ್ ಬರೆಸಿದೆ. ಅದರ ಒಕ್ಕಣೆ ನನ್ನದೇ. ಬರೆಯುವಾಗ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಹೊಸ ಟೈಲುಗಳ ಮೊದಲ ಸಾಲು ಪ್ರೆಸ್ಸಿನಿಂದ ಬಂದು ಅರ್ಧ ಒಣಗಿದ ದಿನ ಅಕ್ಕನನ್ನು ಕರೆದೆ. ಅವರು ಅಂಗಳದಲ್ಲಿ ಪ್ಯಾಕಿಂಗಿನ ಹುಲ್ಲು ಬಿಡಿಸುತ್ತಾ ಕೂತಿದ್ದರು.

"ಬೇಡ ಮೇಡಂ. ಮಣ್ಣಿಗೆ ನನ್ ಕೈ ಬೇಡ. ನಾನು ಇಲ್ಲೇ ಟೈಲ್ ಕಟ್ಕೊಂಡಿರ್ತೀನಿ."

"ಅಕ್ಕ, ನಿಮ್ ಕೈದೇನೂ ತಪ್ಪಿಲ್ಲ. ಸೋಸದೆ ಬಿಟ್ಟಿದ್ದು ಶೆಡ್ಡಿನ ಪದ್ಧತಿ."

"ಹೌದು ಮೇಡಂ," ಅಂದರು. ಒಪ್ಪಿದ ದನಿಯಲ್ಲ, ಮಾತು ಮುಗಿಸುವ ದನಿ. "ಗೂಡು ಉಳ್ಕೊಂಡ್ರೆ ಸಾಕು. ಇವ್ರೆಲ್ಲ ಉಣ್ಬೇಕಲ್ಲ."

ಇನ್ನೊಂದು ಸಲ ಕರೆದೆ. ಯಜಮಾನರೂ ಕರೆದರು. ಬರಲಿಲ್ಲ. ಮೂರನೆಯ ಸಲ ನಾನು ಕರೆಯಲಿಲ್ಲ. ಆರ್ಡರಿನ ಆತುರವಿತ್ತು, ಪ್ರೆಸ್ಸಿನವನಿಗೂ ಇನ್ನೊಬ್ಬ ಹೆಂಗಸಿಗೂ ಅಂಚು ಎಳೆಯುವುದನ್ನು ಕಲಿಸಿದೆ. ಅವರ ಕೆಲಸದಲ್ಲಿ ದೋಷವಿಲ್ಲ.

ನೆಲ ಕಿತ್ತು ಮತ್ತೆ ಹಾಸಿದೆವು. ಕಿತ್ತದ್ದನ್ನೂ ಅಂಗಳದಲ್ಲಿದ್ದದ್ದನ್ನೂ ಒಡೆದು ನಮ್ಮ ಶೆಡ್ಡಿಗೆ ಬರುವ ದಾರಿಯ ಗುಂಡಿಗಳಿಗೆ ತುಂಬಿಸಿದೆವು. ಹೊಸ ನೆಲವನ್ನು ದಿನವೂ ಒರೆಸಿ, ಒಂದು ಮಳೆಗಾಲ ಕಳೆದರೂ ಒಂದು ಚುಕ್ಕೆ ಏಳಲಿಲ್ಲ. ಯಜಮಾನರು ಮಾತಿಗೆ ತಪ್ಪಲಿಲ್ಲ, ಗೂಡು ಉಳಿಯಿತು. ಗೋಡೌನು ಕೇಳಿಕೊಂಡು ಬಂದವರಿಗೆ ಅವರೇ ಗೇಟಿನಲ್ಲಿ ನಿಂತು "ಇಲ್ಲಪ್ಪಾ, ನಮ್ದು ನಡೀತಾ ಇದೆ" ಎಂದು ಹೇಳಿದ್ದನ್ನು ನಾನೇ ಕೇಳಿದೆ.

ಕೆಲಸ ಒಪ್ಪಿಸಲು ಹೋದಾಗ ಆರ್ಕಿಟೆಕ್ಟ್ ಮೇಡಂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದರು. "ಚೆನ್ನಾಗಿ ಬಂದಿದೆ. ಥ್ಯಾಂಕ್ಸ್." ಎದ್ದು ಕೈ ಒರೆಸಿಕೊಳ್ಳುತ್ತಾ ಕೇಳಿದರು, "ಅಂಚು ಮೊದಲಿನ ಥರ ಇಲ್ಲ ಅಲ್ವಾ?"

ಇಲ್ಲ ಅಂದೆ.

ಮುಂದಿನ ದಸರೆ ಹತ್ತಿರ ಬಂದಾಗ ಯಜಮಾನರು ಗೇಟಿನ ಮುಂದೆ ಅಂಟಿಸಲು ಸ್ಟಿಕ್ಕರ್ ರಂಗೋಲಿ ತಂದರು. ಅದನ್ನು ನೋಡಿದ ಸಂಜೆ, ಮನೆಯಲ್ಲಿ ಅಡುಗೆಗೆ ನಿಂತವಳು, ಅಕ್ಕಿ ಹಿಟ್ಟಿನ ಡಬ್ಬಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ನಮ್ಮಜ್ಜಿ ಹೊಸಿಲಿಗೆ ಎಳೆಯುತ್ತಿದ್ದುದು ಅಕ್ಕಿ ಹಿಟ್ಟಿನ ಎಳೆ. ಅಕ್ಕಿ ಹಿಟ್ಟು ಮಣ್ಣಿಗೆ ಸೇರಿದರೆ ಗೂಡಿನಲ್ಲಿ ಸುಟ್ಟು ಹೊಗೆಯಾಗಿ ಹೋಗುತ್ತದೆ. ಉಳಿದರೆ ಸೂಜಿಮೊನೆಯಷ್ಟು ರಂಧ್ರ ಉಳಿಯಬಹುದು. ಇದು ಸಿರಾಮಿಕ್ಸ್ ಓದಿದವರಿಗೆಲ್ಲ ಗೊತ್ತಿರುವ ವಿಷಯ, ಬೇಕೆಂದೇ ರಂಧ್ರ ಮಾಡಲು ಹಿಟ್ಟು ಬೆರೆಸುವುದೂ ಉಂಟು. ದೋಷದ ಕಾರಣ ಹುಡುಕುವಾಗ ನಾನು ಸುಣ್ಣಕಲ್ಲಿನಿಂದ ಅಕ್ಕನ ಕೈಗೆ ಹೋದೆ, ಕೈಯಿಂದ ಬೋರ್ಡಿಗೆ ಹೋದೆ. ಪುಡಿ ಬದಲಾಯಿಸಿದರೆ ಸಾಕಿತ್ತು ಎಂಬಲ್ಲಿಗೆ ಹೋಗಲಿಲ್ಲ.

ಮರುದಿನವೇ ಒಂದು ಟೈಲಿಗಾಗುವಷ್ಟು ಹಸಿ ಮಣ್ಣಿಗೆ ಅಕ್ಕಿ ಹಿಟ್ಟನ್ನು ಧಾರಾಳವಾಗಿ ಬೆರೆಸಿ ಒತ್ತಿಸಿದೆ, ಒಣಗಿದ ಮೇಲೆ ಬೇರೆಯವುಗಳ ಜೊತೆ ಸುಟ್ಟೆ, ಇಡ್ಲಿ ಪಾತ್ರೆಯಲ್ಲಿ ಒಂದಿಡೀ ಹಗಲು ಬೇಯಿಸಿದೆ. ಎಲ್ಲೂ ಸಿಡಿಯಲಿಲ್ಲ. ಕಣ್ಣು ಹತ್ತಿರ ಹಿಡಿದರೆ ಕಾಣುವಷ್ಟು ಸಣ್ಣ ತೂತುಗಳು, ಅಷ್ಟೇ.

ಆ ಟೈಲನ್ನೂ ಒಂದು ಪೊಟ್ಟಣ ಅಕ್ಕಿ ಹಿಟ್ಟನ್ನೂ ತೆಗೆದುಕೊಂಡು ಅಂಗಳಕ್ಕೆ ಹೋದೆ. ಅಕ್ಕ ಹುಲ್ಲಿನ ನಡುವೆ ಕೂತು ಟೈಲ್ ಕಟ್ಟುತ್ತಿದ್ದರು. ನಾನು ವಿವರಿಸಿದೆ. ಸುಣ್ಣ ಉಳಿಯುತ್ತದೆ, ಹಿಟ್ಟು ಉಳಿಯುವುದಿಲ್ಲ ಎಂದೆ. ಬೋರ್ಡ್ ತೆಗೆಸುತ್ತೇನೆ ಎಂದೆ. ಈ ಸಲ ಒಳಗೇ, ಮೆಷಿನ್ನಿನ ಮುಂದೆಯೇ ಹಾಕಿ ಎಂದೆ. ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದೆನೆಂದು ಈಗ ಅನ್ನಿಸುತ್ತದೆ.

ಅಕ್ಕ ಕೈಯೊರೆಸಿಕೊಂಡು ಟೈಲನ್ನು ಇಸಿದುಕೊಂಡರು. ತೂತುಗಳನ್ನು ನೋಡಲಿಲ್ಲ. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಒಮ್ಮೆ ಎಳೆದರು, ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲಿ ಅಂಚು ಸವರುವಾಗ ಬಿಟ್ಟುಹೋದ ಮಣ್ಣು ಸ್ವಲ್ಪ ಎದ್ದಿತ್ತು.

"ನಮ್ಮಮ್ಮನೂ ಅಕ್ಕಿ ಹಿಟ್ಟೇ ಹಾಕ್ತಿದ್ರು ಮೇಡಂ," ಅಂದರು. "ಇರುವೆ ಬರುತ್ತೆ ಅಂತ ನಾವೇ ಬಿಟ್ಟಿದ್ದು."

"ಮತ್ತೆ ಹಾಕ್ತೀರಾ ಅಕ್ಕ?"

"ನೋಡೋಣ."

ಹಿಟ್ಟಿನ ಪೊಟ್ಟಣವನ್ನು ಪಕ್ಕದಲ್ಲಿಟ್ಟುಕೊಂಡರು. ಟೈಲನ್ನು ಮಾತ್ರ ಕೈಯಲ್ಲೇ ಹಿಡಿದು, ಹುಲ್ಲಿನ ಒಂದು ಹಿಡಿ ಎಳೆದುಕೊಂಡು, ನನ್ನ ಕಡೆ ನೋಡಿ ಕೇಳಿದರು:

"ಇದನ್ನೂ ಕಟ್ಲಾ ಮೇಡಂ?"